ಕಾಂಬೋ ಬಾರದವನ ಇನ್‌ಜಸ್ಟೀಸ್ 2

ನಾನು ಗೇಮ್ ಆಡುವವನು ಅಂತ ಹೇಳಿಕೊಳ್ಳುವಷ್ಟು ಆಡುವುದಿಲ್ಲ. ಊಟ ಆಗಿ, ಮಗಳು ಮಲಗಿ, ಟಿವಿ ಸೌಂಡ್ ಹನ್ನೆರಡಕ್ಕೆ ಇಳಿಸಿದ ಮೇಲೆ ಸಿಗುವ ಮುಕ್ಕಾಲು ಗಂಟೆ ನನ್ನದು. ಅದರಲ್ಲಿ ಹದಿನೈದು ನಿಮಿಷ ಯಾವುದೋ ಅಪ್‌ಡೇಟ್ ತಿನ್ನುತ್ತದೆ. ಫೈಟಿಂಗ್ ಗೇಮ್ ಅಂತ ನಾನು ಕೊನೆಯದಾಗಿ ಆಡಿದ್ದು ಹೈಸ್ಕೂಲಲ್ಲಿದ್ದಾಗ, ಬಸ್‌ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ. ಒಂದು ರೂಪಾಯಿಗೆ ಒಂದು ಕಾಯಿನ್. ಅಲ್ಲೂ ನಾನು ಮುಸ್ತಫಾ ಅನ್ನೋ ಬೇರೆ ಗೇಮಿನ ಗಿರಾಕಿ. ಸ್ಟ್ರೀಟ್ ಫೈಟರ್ ಮೆಷಿನ್ ಮುಂದೆ ನಿಂತರೆ ಪಕ್ಕದಲ್ಲಿ ಯಾರಾದರೂ ದೊಡ್ಡ ಹುಡುಗ ಬಂದು ಕಾಯಿನ್ ಹಾಕುತ್ತಿದ್ದ, ಅರ್ಧ ನಿಮಿಷದಲ್ಲಿ ನನ್ನ ರೂಪಾಯಿ ಹೋಗುತ್ತಿತ್ತು.

ಹೋದ ವರ್ಷ ಸೆಕೆಂಡ್‌ಹ್ಯಾಂಡ್ ಪಿಎಸ್4 (ಟಿವಿಗೆ ಹಾಕಿ ಆಡುವ ಗೇಮ್ ಯಂತ್ರ) ತಗೊಂಡಾಗ ಅದರ ಜೊತೆ ನಾಲ್ಕು ಡಿಸ್ಕ್ ಬಂದವು. ಮೂರು ಫುಟ್‌ಬಾಲ್. ನಾಲ್ಕನೆಯದು ಇನ್‌ಜಸ್ಟೀಸ್ 2. 2017ರ ಗೇಮ್, ಮಾರ್ಟಲ್ ಕಾಂಬ್ಯಾಟ್ ಮಾಡುವ ಶಿಕಾಗೋದ ನೆದರ್‌ರೆಲ್ಮ್ ಸ್ಟುಡಿಯೋಸ್‌ನದೇ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್, ವಂಡರ್ ವುಮನ್ ಎಲ್ಲರೂ ಇದ್ದಾರೆ, ಆದರೆ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ. ಕಾರಣ ಮೊದಲನೇ ಭಾಗದಲ್ಲಿದೆ, ಅದು 2013ರದ್ದು. ಜೋಕರ್ ಹೂಡಿದ ಮೋಸಕ್ಕೆ ಸಿಕ್ಕಿ ಸೂಪರ್‌ಮ್ಯಾನ್ ತನ್ನ ಕೈಯಾರೆ ಬಸುರಿ ಹೆಂಡತಿಯನ್ನೇ ಕೊಂದುಬಿಡುತ್ತಾನೆ. ಆಮೇಲೆ ಜೋಕರ್‌ನನ್ನು ಕೊಲ್ಲುತ್ತಾನೆ. ಅಲ್ಲಿಗೆ ನಿಲ್ಲದೆ, ಲೋಕದಲ್ಲಿ ತಪ್ಪೇ ನಡೆಯಬಾರದು ಅಂತ ಸರ್ವಾಧಿಕಾರಿ ಆಗುತ್ತಾನೆ. ಅವನನ್ನು ಹಿಡಿದು ಜೈಲಿಗೆ ಹಾಕಿದ ಮೇಲಿನ ಕಥೆ ಎರಡನೆಯದು. ಆಕಾಶದಿಂದ ಬ್ರೇನಿಯಾಕ್ ಅನ್ನೋ ಅನ್ಯಗ್ರಹದ ಖಳ ಬರುತ್ತಾನೆ, ಊರೂರನ್ನೇ ಕಿತ್ತು ತನ್ನ ಹಡಗಿಗೆ ತುಂಬಿಕೊಳ್ಳುತ್ತಾನೆ, ಈಗ ಸೂಪರ್‌ಮ್ಯಾನ್‌ನನ್ನು ಬಿಡುಗಡೆ ಮಾಡಬೇಕೋ ಬೇಡವೋ ಅನ್ನೋದೇ ಜಗಳ.

ಕಥೆ ನೋಡೋಣ ಅಂತ ಶುರು ಮಾಡಿದೆ ಅಷ್ಟೇ. ಹನ್ನೆರಡು ಅಧ್ಯಾಯ. ಮೊದಲ ರಾತ್ರಿ ಕಷ್ಟದ ಮಟ್ಟ ಮೀಡಿಯಂನಲ್ಲಿ ಇಟ್ಟು ಬ್ಯಾಟ್‌ಮ್ಯಾನ್ ಆಗಿ ಆಡಿದೆ. ಸಿಕ್ಕ ಬಟನ್ ಎಲ್ಲ ಒತ್ತಿದೆ. ಗೆದ್ದೆ ಕೂಡ! ಆಹಾ ಅನ್ನಿಸಿತು. ಮೊದಲ ಅಧ್ಯಾಯದಲ್ಲಿ ಸ್ವಂತ ಮಗ ಡೇಮಿಯನ್ ಅನ್ನೋನೇ ಬ್ಯಾಟ್‌ಮ್ಯಾನ್‌ಗೆ ತಿರುಗಿಬೀಳುತ್ತಾನೆ. ಅಪ್ಪ ಮಗನ ಆ ಹೊಡೆದಾಟ ಮುಗಿಯುವ ಹೊತ್ತಿಗೆ ನನಗೆ ಬ್ಯಾಟ್‌ಮ್ಯಾನ್ ಸ್ವಲ್ಪ ಕೈಗೆ ಬಂದಿದ್ದ. ಬಾವಲಿ ಆಕಾರದ ಬ್ಯಾಟರಾಂಗ್ ಎಸೆಯೋದು, ಹಗ್ಗ ಬೀಸಿ ಎಳೆದುಕೊಳ್ಳೋದು, ಕಂಟ್ರೋಲರ್‌ನ ಸರ್ಕಲ್ ಬಟನ್ ಒತ್ತಿದರೆ ಸುತ್ತ ಹಾರಾಡುವ ಯಾಂತ್ರಿಕ ಬಾವಲಿಗಳು, ಇಷ್ಟು ಗೊತ್ತಾಯಿತು.

ಎರಡನೇ ಅಧ್ಯಾಯ ಬಂತು. ಬ್ಯಾಟ್‌ಮ್ಯಾನ್ ಇಲ್ಲ. ಹಾರ್ಲಿ ಕ್ವಿನ್.

ಇದೇ ನೋಡಿ ಈ ಗೇಮಿನ ಕಿತಾಪತಿ. ಒಂದೊಂದು ಅಧ್ಯಾಯಕ್ಕೂ ಬೇರೆ ಬೇರೆ ಹೀರೋ. ಒಬ್ಬನ ಏಟುಗಳು ಬೆರಳಿಗೆ ಹತ್ತುವಷ್ಟರಲ್ಲಿ ಅವನನ್ನು ಕಿತ್ತುಕೊಂಡು ಇನ್ನೊಬ್ಬನನ್ನು ಕೊಡುತ್ತಾರೆ. ಹಾರ್ಲಿ ಮುಗಿಸಿದರೆ ಮುಂದಿನದರಲ್ಲಿ ಗ್ರೀನ್ ಆ್ಯರೋ ಅಥವಾ ಬ್ಲ್ಯಾಕ್ ಕ್ಯಾನರಿ, ಹೊಡೆದಾಟಕ್ಕೆ ಮುಂಚೆ ಯಾರು ಬೇಕೋ ಆರಿಸಿಕೋ ಅನ್ನುತ್ತದೆ. ಆಮೇಲೆ ಫ್ಲಾಶ್, ಗ್ರೀನ್ ಲ್ಯಾಂಟರ್ನ್, ಸೂಪರ್‌ಗರ್ಲ್, ಆಕ್ವಾಮ್ಯಾನ್, ಹೀಗೇ. ಹಾರ್ಲಿಯನ್ನು ಜೌಗಿನಲ್ಲಿ ಸ್ವಾಂಪ್ ಥಿಂಗ್ ಅನ್ನೋ ಹಸಿರು ರಾಕ್ಷಸನ ಮುಂದೆ ನಿಲ್ಲಿಸಿದಾಗ ನಾನು ಏಳು ಸಲ ಸೋತೆ. ಏಳನೇ ಸಲ ಕಂಟ್ರೋಲರ್ ಸೋಫಾ ಮೇಲೆ ಎಸೆದೆ. ನೆಲದ ಮೇಲೆ ಎಸೆಯಲಿಲ್ಲ, ಅದರ ರೇಟು ಗೊತ್ತಲ್ಲ.

ದಸರಾ ರಜೆಗೆ ಅಣ್ಣನ ಮಗ ಬಂದಿದ್ದ. ಪಿಯುಸಿ ಹುಡುಗ. ಪಕ್ಕದಲ್ಲಿ ಕೂತು ಎರಡು ಮ್ಯಾಚ್ ನೋಡಿದ. ಆಮೇಲೆ ಕೇಳಿದ:

"ಚಿಕ್ಕಪ್ಪ, ನೀನು ಬ್ಲಾಕೇ ಮಾಡಲ್ವಾ?"

"ಬ್ಲಾಕ್ ಬಟನ್ ಯಾವುದೋ?"

ಅವನು ನನ್ನ ಮುಖ ನೋಡಿದ ರೀತಿ ಈಗಲೂ ನೆನಪಿದೆ. ಬ್ಲಾಕ್ ಅಂದರೆ ಬರುವ ಏಟನ್ನು ತಡೆಯುವುದು, ಅದಕ್ಕೆ ಬಟನ್ನೇ ಇಲ್ಲ. ಎದುರಾಳಿಗೆ ಬೆನ್ನು ಹಾಕುವ ದಿಕ್ಕಿಗೆ ಒತ್ತಿ ಹಿಡಿದರೆ ಅದೇ ಬ್ಲಾಕ್. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಇದಕ್ಕೆ ಬೇರೆ ಬಟನ್ ಇದೆ, ಅದೇ ಕಂಪನಿಯ ಈ ಗೇಮ್‌ನಲ್ಲಿ ಇಲ್ಲ. ನಾನು ಅಷ್ಟು ದಿನ ಬರೀ ಮುಂದೆ ನುಗ್ಗುತ್ತಿದ್ದೆ, ಹಿಂದೆ ಒತ್ತುವುದು ಅಂದರೆ ಹೆದರಿ ಓಡುವುದು ಅಂದುಕೊಂಡಿದ್ದೆ.

ಆ ರಾತ್ರಿ ಅವನು ಹೇಳಿದ ಇನ್ನೊಂದು ಮಾತೇ ನನ್ನನ್ನು ದಡ ಮುಟ್ಟಿಸಿದ್ದು. "ಒಬ್ಬೊಬ್ಬರ ಕಾಂಬೋ ಕಲಿಯೋಕೆ ಹೋಗ್ಬೇಡ. ಎಲ್ಲರಿಗೂ ಒಂದೇ ಥರ ಇರೋದನ್ನ ಕಲ್ತ್ಕೋ."

ಕಾಂಬೋ ಅಂದರೆ ಬಿಡುವಿಲ್ಲದೆ ಒಂದರ ಹಿಂದೆ ಒಂದು ಬೀಳುವ ಏಟುಗಳ ಸರಣಿ. ಅದನ್ನು ಬಿಟ್ಟು ಎಲ್ಲರಿಗೂ ಒಂದೇ ಥರ ಇರುವುದು ಜಾಸ್ತಿ ಏನಿಲ್ಲ. ಹಿಂದೆ ಒತ್ತಿದರೆ ಬ್ಲಾಕ್, ಕಾಲಿಗೆ ಬರುವ ಏಟಿಗೆ ಕೂತು, ತಲೆ ಮೇಲಿಂದ ಬೀಳುವ ಏಟಿಗೆ ನಿಂತು. ಕೆಳಗೆ ಒತ್ತಿ ಟ್ರಯಾಂಗಲ್ ಅಂದರೆ ಅಪ್ಪರ್‌ಕಟ್, ಎಗರಿ ಬರುವವನಿಗೆ ಇದು ಮದ್ದು. ಎಲ್1 ಹಿಡಿದು ಎಸೆಯಲು. ಆರ್1 ಸ್ಟೇಜಿನಲ್ಲಿರುವ ಸಾಮಾನು ಬಳಸಲು, ಇದರಲ್ಲೊಂದು ಮಜಾ ಇದೆ: ಅದೇ ಸಾಮಾನನ್ನು ಸೂಪರ್‌ಮ್ಯಾನ್ ಥರದವರು ಎತ್ತಿ ಬಿಸಾಕುತ್ತಾರೆ, ಮೈಬಲ ಕಡಿಮೆ ಇರುವವರು ಅದರ ಮೇಲೆ ಕಾಲಿಟ್ಟು ಚಿಮ್ಮುತ್ತಾರೆ, ಇಲ್ಲಾ ಅದಕ್ಕೊಂದು ಬಾಂಬ್ ಅಂಟಿಸುತ್ತಾರೆ. ಮುಂದೆ ಒತ್ತಿ ಎಕ್ಸ್ ಅಂದರೆ ನಿಧಾನದ ಭಾರಿ ಏಟು, ಕೂತು ಬ್ಲಾಕ್ ಮಾಡುವವನ ತಲೆ ಮೇಲೆ ಬೀಳುತ್ತದೆ. ಕೊನೆಗೆ, ಹೊಡೆದಾಡುತ್ತಾ ಹೋದಂತೆ ತುಂಬುವ ತೆರೆಯ ಕೆಳಗಿನ ಮೀಟರ್ ನಾಲ್ಕೂ ಬಾರ್ ತುಂಬಿದರೆ ಎಲ್2, ಆರ್2 ಒಟ್ಟಿಗೆ ಒತ್ತಿದಾಗ ಅವರವರ ಅತಿ ದೊಡ್ಡ ಏಟು, ಅದರ ಹೆಸರು ಸೂಪರ್. ಹಾರ್ಲಿ ಇರಲಿ ಆಕ್ವಾಮ್ಯಾನ್ ಇರಲಿ, ಇಷ್ಟು ಬದಲಾಗುವುದಿಲ್ಲ.

ಇದರ ಮೇಲೆ ಒಬ್ಬೊಬ್ಬರಿಗೆ ಒಂದೇ ಒಂದು ಏಟು ಸೇರಿಸಿಕೊಂಡೆ. ದೂರದಿಂದ ಹೊಡೆಯುವಂಥದ್ದು ಇದ್ದರೆ ಅದು, ಇಲ್ಲದಿದ್ದರೆ ದೂರವನ್ನು ಬೇಗ ದಾಟಿಸುವಂಥದ್ದು. ಅಧ್ಯಾಯ ಶುರುವಾಗುವ ಮುಂಚೆ ಆಟ ನಿಲ್ಲಿಸಿ ಮೂವ್ ಲಿಸ್ಟ್, ಅಂದರೆ ಏಟುಗಳ ಪಟ್ಟಿ, ತೆಗೆದು ಅದೊಂದನ್ನು ಹುಡುಕುವುದು, ಸಾಕು. ಆ ಪಟ್ಟಿಯಲ್ಲಿ ಒಂದೊಂದು ಏಟಿನ ಪಕ್ಕ ಫ್ರೇಮ್ ಲೆಕ್ಕವೂ ಇರುತ್ತದೆ. ಫ್ರೇಮ್ ಅಂದರೆ ತೆರೆ ಮೇಲೆ ಬರುವ ಒಂದು ಚಿತ್ರ; ಸೆಕೆಂಡಿಗೆ 60 ಫ್ರೇಮ್, ಅಂದರೆ 12 ಫ್ರೇಮ್‌ನ ಏಟು ಸೆಕೆಂಡಿನ ಐದನೇ ಒಂದು ಭಾಗ. ನನಗೆ ಅದರಲ್ಲಿ ಬೇಕಾದದ್ದು ಒಂದೇ ಕಾಲಂ: ಎದುರಾಳಿ ಬ್ಲಾಕ್ ಮಾಡಿದರೆ ನನಗೆಷ್ಟು ನಷ್ಟ ಅನ್ನೋದು. ಮೈನಸ್ ದೊಡ್ಡದಿದ್ದರೆ ಆ ಏಟು ಬ್ಲಾಕ್ ಆದ ಕೂಡಲೇ ತಿರುಗೇಟು ಗ್ಯಾರಂಟಿ. ಅಂಥದನ್ನು ಮುಟ್ಟಲಿಲ್ಲ. ಉಳಿದ ಲೆಕ್ಕ ಆ ಹುಡುಗನಿಗೇ ಇರಲಿ.

ಕಾಂಬೋ ನನಗೆ ಯಾಕೆ ಬರುತ್ತಿರಲಿಲ್ಲ ಅನ್ನೋದೂ ಆಗಲೇ ಗೊತ್ತಾಗಿದ್ದು. ನಾನು ಮೊದಲ ಏಟು ಬಿದ್ದದ್ದನ್ನು ಕಣ್ಣಾರೆ ನೋಡಿ ಎರಡನೇ ಬಟನ್ ಒತ್ತುತ್ತಿದ್ದೆ. ಇಲ್ಲಿ ಹಾಗಲ್ಲ. ಫೋನ್ ನಂಬರ್ ಒತ್ತಿದ ಹಾಗೆ ಟಕಟಕ ಅಂತ ಪೂರ್ತಿ ಒತ್ತಿಬಿಡಬೇಕು, ತೆರೆ ಮೇಲಿನ ಮನುಷ್ಯ ಆಮೇಲೆ ನಿಧಾನವಾಗಿ ಅದನ್ನು ಮಾಡಿ ಮುಗಿಸುತ್ತಾನೆ. ಅಂಗಡಿ ಕಾಲದ ಬೆರಳಿಗೆ ಇದು ವಿಚಿತ್ರ. ಎರಡು ದಿನ ಪ್ರಾಕ್ಟೀಸ್‌ನಲ್ಲಿ ಸುಮ್ನೆ ನಿಂತ ಗೊಂಬೆಗೆ ಸ್ಕ್ವೇರ್, ಸ್ಕ್ವೇರ್, ಟ್ರಯಾಂಗಲ್ ಒತ್ತುತ್ತಾ ಕೂತೆ. ಹೆಂಡತಿ ಬಂದು ನೋಡಿ, "ಅದು ತಿರುಗಿ ಹೊಡೆಯೋದೇ ಇಲ್ಲ, ಆದ್ರೂ ನೀವು ಟೆನ್ಷನ್ ಮಾಡ್ಕೊಂಡಿದೀರಲ್ಲ" ಅಂದಳು.

ಇನ್ನೊಂದು ಸೆಟ್ಟಿಂಗ್ ಬಗ್ಗೆ ಹೇಳಲೇಬೇಕು, ನಿಮಗೂ ಉಪಯೋಗ ಆಗಬಹುದು. ನಾನು ಕೇಳದೇ ಇದ್ದ ಏಟುಗಳು ಆಗಾಗ ತಾವೇ ಬರುತ್ತಿದ್ದವು. ನಡೆದು ಹೋಗುತ್ತಿದ್ದರೆ ಬ್ಯಾಟರಾಂಗ್ ಹಾರುತ್ತಿತ್ತು. ಕಂಟ್ರೋಲರ್ ಹಳೇದು, ಮಾರಿದವನು ಟೋಪಿ ಹಾಕಿದ ಅಂತ ಒಂದು ವಾರ ಅವನನ್ನು ಬೈದುಕೊಂಡೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ರಿಲೀಸ್ ಚೆಕ್ ಅಂತ ಒಂದಿದೆ. ಅದು ಆನ್ ಇದ್ದರೆ ಬಟನ್ ಒತ್ತುವುದನ್ನು ಮಾತ್ರವಲ್ಲ, ಬಿಡುವುದನ್ನೂ ಒತ್ತಿದ ಲೆಕ್ಕಕ್ಕೇ ತೆಗೆದುಕೊಳ್ಳುತ್ತದೆ. ಆಫ್ ಮಾಡಿದೆ. ಕಂಟ್ರೋಲರ್ ಹೊಸದಾದ ಹಾಗಾಯಿತು.

ಆಮೇಲೆ ಆಟ ಬೇರೆಯೇ ಆಯಿತು. ಹೀರೋ ಬದಲಾಗುವುದು ಶಿಕ್ಷೆ ಅನ್ನಿಸುತ್ತಿದ್ದದ್ದು ಈಗ ಊಟಕ್ಕೆ ಹೋದ ಮನೆಯಲ್ಲಿ ಏನು ಪಲ್ಯ ಅಂತ ಎಲೆ ಮುಂದೆ ಕಾಯುವ ಹಾಗೆ. ಫ್ಲಾಶ್ ಬಂದಾಗ ಸರ್ಕಲ್ ಒತ್ತಿದರೆ ಎದುರಾಳಿಯ ಹೊತ್ತೇ ನಿಧಾನವಾಗುತ್ತದೆ, ಜೇನುತುಪ್ಪದಲ್ಲಿ ಕೈಯಾಡಿಸುವವನ ಹಾಗೆ ಅವನು ಬೀಸುತ್ತಿರುತ್ತಾನೆ, ನನ್ನಂಥ ನಿಧಾನದ ಬೆರಳಿನವನಿಗೆ ಇದಕ್ಕಿಂತ ಉಪಕಾರ ಬೇಕಾ? ಆಕ್ವಾಮ್ಯಾನ್ ಇನ್ನೂ ಇಷ್ಟವಾದ. ತ್ರಿಶೂಲ ಉದ್ದ, ಹತ್ತಿರ ಹೋಗುವ ಕೆಲಸವೇ ಇಲ್ಲ. ಬೇಲಿಯಾಚೆ ನಿಂತು ಮಾವಿನಕಾಯಿ ಕೆಡವಿದಂತೆ ಆ ಅಧ್ಯಾಯ ಪೂರ್ತಿ ಒಂದೇ ರಾತ್ರಿಯಲ್ಲಿ ಮುಗಿಸಿದೆ. ಡೆಡ್‌ಶಾಟ್ ಎದುರು ಸಿಕ್ಕಾಗ ಮಾತ್ರ ಈ ಉಪಾಯ ಕೈಕೊಟ್ಟಿತು. ಅವನು ಇನ್ನೂ ದೂರ ನಿಂತು ಗುಂಡು ಹಾರಿಸುತ್ತಲೇ ಇರುತ್ತಾನೆ. ಬ್ಲಾಕ್, ಎರಡು ಹೆಜ್ಜೆ, ಬ್ಲಾಕ್, ಎರಡು ಹೆಜ್ಜೆ, ಮಳೆ ನಡುವೆ ಅಂಗಡಿಯಿಂದ ಅಂಗಡಿಗೆ ಓಡಿದ ಹಾಗೆ.

ಗೆದ್ದಾಗಲೆಲ್ಲ ಗೇಮ್ ಹೆಲ್ಮೆಟ್ಟು, ಎದೆಕವಚ, ಬೂಟು ಅಂತ ಏನೇನೋ ಕೊಡುತ್ತದೆ. ಮದರ್ ಬಾಕ್ಸ್ ಅಂತ ಡಬ್ಬಿಗಳೂ ಬರುತ್ತವೆ. ಹಾಕಿಕೊಂಡರೆ ಬಲ, ರಕ್ಷಣೆ, ಆಯಸ್ಸು ಏರುತ್ತದೆ. ನಾನು ಯಾವಾಗಲೂ ನಂಬರ್ ದೊಡ್ಡದಿದ್ದದ್ದನ್ನೇ ಹಾಕಿದೆ, ಹಾಗಾಗಿ ನನ್ನ ಬ್ಯಾಟ್‌ಮ್ಯಾನ್ ಮದುವೆ ಬ್ಯಾಂಡಿನವನ ಹಾಗೆ ಕಾಣುತ್ತಿದ್ದ.

ಕೊನೆಗೆ ಬರುತ್ತೇನೆ. ಇನ್ನೂ ಆಡದವರು ಈ ಪ್ಯಾರಾ ಬಿಟ್ಟುಬಿಡಿ. ಬ್ರೇನಿಯಾಕ್ ಸೋಲುತ್ತಾನೆ. ಅವನನ್ನು ಕೊಂದೇಬಿಡೋಣ ಅನ್ನುತ್ತಾನೆ ಸೂಪರ್‌ಮ್ಯಾನ್. ಕಿತ್ತುಕೊಂಡ ಊರುಗಳನ್ನು ವಾಪಸ್ ಇಡಬೇಕಾದರೆ ಅವನು ಬದುಕಿರಬೇಕು ಅನ್ನುತ್ತಾನೆ ಬ್ಯಾಟ್‌ಮ್ಯಾನ್. ಅಲ್ಲಿ ಗೇಮ್ ನಿಂತು ನಮ್ಮನ್ನೇ ಕೇಳುತ್ತದೆ, ನೀನು ಯಾರ ಕಡೆ? ನಾನು ಬ್ಯಾಟ್‌ಮ್ಯಾನ್ ಅಂದೆ. ಕೆವಿನ್ ಕಾನ್ರಾಯ್ ದನಿ ಅದು, ಚಿಕ್ಕಂದಿನಲ್ಲಿ ಕಾರ್ಟೂನ್‌ನಲ್ಲಿ ಕೇಳಿದ ದನಿ. ಆತ 2022ರಲ್ಲಿ ತೀರಿಕೊಂಡ. ಆ ದನಿ ಬಿಟ್ಟು ಇನ್ನೊಂದು ಕಡೆ ಹೋಗಲು ಮನಸ್ಸಾಗಲಿಲ್ಲ.

ಆ ಕಡೆ ಹೋದರೆ ಕೊನೆಯ ಹೊಡೆದಾಟ ಸೂಪರ್‌ಮ್ಯಾನ್ ಜೊತೆಗೇ. ಮೀಡಿಯಂನಲ್ಲಿ ಒಂಬತ್ತು ಸಲ ಸೋತೆ. ಕಣ್ಣಿನಿಂದ ಬೆಂಕಿ, ಹತ್ತಿರ ಹೋದರೆ ಗುದ್ದು, ಮೀಟರ್ ತುಂಬಿತೋ ನನ್ನನ್ನು ಗುದ್ದಿ ಬಾಹ್ಯಾಕಾಶಕ್ಕೆ ಕಳಿಸಿ ಅಲ್ಲಿಂದ ಕೆಳಗೆ ಬಡಿಯುತ್ತಾನೆ. ಭೂಮಿ ಬಿಟ್ಟು ಹೋಗಿ ಬಂದ ಬ್ಯಾಟ್‌ಮ್ಯಾನ್ ಎದ್ದು ಮತ್ತೆ ಬ್ಯಾಟರಾಂಗ್ ಎಸೆಯಲು ನಿಲ್ಲುತ್ತಾನೆ, ಅದು ಬೇರೆ ಮಾತು. ಹತ್ತನೇ ಸಲ ಕ್ಲಾಶ್ ನೆನಪಾಯಿತು. ನನ್ನ ಎರಡನೇ ಹೆಲ್ತ್ ಬಾರ್ (ಆಯಸ್ಸು ತೋರಿಸುವ ಪಟ್ಟಿ) ನಡೆಯುತ್ತಿರುವಾಗ, ಏಟು ತಿನ್ನುತ್ತಲೇ ಮುಂದೆ ಮತ್ತು ಆರ್2 ಒತ್ತಿದರೆ ಆಟ ನಿಲ್ಲುತ್ತದೆ. ಇಬ್ಬರೂ ಒಂದೊಂದು ಮಾತು ಬೈದುಕೊಳ್ಳುತ್ತಾರೆ. ಆಮೇಲೆ ಚೀಟಿ ಕೂಗಿದ ಹಾಗೆ, ಆದರೆ ಗುಟ್ಟಾಗಿ, ಇಬ್ಬರೂ ತಮ್ಮ ಮೀಟರ್‌ನಲ್ಲಿ ಎಷ್ಟು ಪಣಕ್ಕೆ ಇಡುತ್ತೀವಿ ಅಂತ ಹೇಳಬೇಕು. ಕೂಗಿದ್ದು ಜಾಸ್ತಿ ಇದ್ದರೆ ಕಳೆದ ಆಯಸ್ಸು ಸ್ವಲ್ಪ ವಾಪಸ್. ಕಡಿಮೆ ಆದರೆ ಇನ್ನಷ್ಟು ಏಟು. ಒಂದು ಪಂದ್ಯಕ್ಕೆ ನನಗೆ ಒಂದೇ ಅವಕಾಶ. ನನ್ನ ಹತ್ತಿರ ನಾಲ್ಕು ಬಾರ್ ತುಂಬಿತ್ತು. ಪೂರ್ತಿ ಇಟ್ಟರೆ ಸೂಪರ್ ಹೋಗುತ್ತದೆ. ಮೂರು ಇಟ್ಟರೆ ಅವನು ನಾಲ್ಕು ಇಟ್ಟರೆ? ಹತ್ತು ಹನ್ನೆರಡು ವರ್ಷದಿಂದ ಚೀಟಿ ಹಾಕುತ್ತಿರುವವನು ನಾನು, ಅವಸರ ಇದ್ದವನು ಜಾಸ್ತಿ ಕೂಗುತ್ತಾನೆ ಅಂತ ಗೊತ್ತು, ಅವಸರ ನನ್ನದೇ. ನಾಲ್ಕೂ ಇಟ್ಟೆ. ಅವನು ಎರಡು ಇಟ್ಟಿದ್ದ. ಆಯಸ್ಸು ಬಂತು, ಮೀಟರ್ ಸೊನ್ನೆ. ಉಳಿದದ್ದು ಬ್ಲಾಕ್ ಮತ್ತು ಬ್ಯಾಟರಾಂಗ್. ಅವನು ಎಗರಿ ಬಂದ, ಕೆಳಗೆ ಟ್ರಯಾಂಗಲ್. ಮತ್ತೆ ಎಗರಿದ, ಮತ್ತೆ ಅದೇ. ಕಂಪ್ಯೂಟರ್‌ಗೆ ಬುದ್ಧಿ ಬರಲಿಲ್ಲ. ಮೂರನೇ ಅಪ್ಪರ್‌ಕಟ್‌ಗೆ ಬಿದ್ದ. ರಾತ್ರಿ ಹನ್ನೆರಡೂವರೆ, ಕಿರುಚುವ ಹಾಗಿಲ್ಲ, ಕುಶನ್ ಬಾಯಿಗೆ ಹಿಡಿದುಕೊಂಡು ಕೂಗಿದೆ.

ನಿಜ ಹೇಳಬೇಕಲ್ಲ, ಒಂದು ಹೊಡೆದಾಟವನ್ನು ಈಸಿಗೆ ಇಳಿಸಿ ಗೆದ್ದಿದ್ದೇನೆ. ಬ್ರೇನಿಯಾಕ್‌ನದು. ಅವನ ಬೆನ್ನಿಂದ ಬರುವ ಆ ಲೋಹದ ಕೈಗಳು ಅರ್ಧ ಸ್ಟೇಜ್ ದೂರದಿಂದ ಬಂದು ಹೊಡೆಯುತ್ತವೆ, ನನಗೆ ಮಾರನೇ ದಿನ ಆಫೀಸಿತ್ತು. ಇಳಿಸಿದೆ. ಯಾರೂ ಬಂದು ಕೇಳಲಿಲ್ಲ.

ಆನ್‌ಲೈನ್‌ನಲ್ಲಿ ಒಂದೇ ಒಂದು ಮ್ಯಾಚ್ ಆಡಿದೆ. ಎದುರಿಗಿದ್ದವನು ನನ್ನನ್ನು ಗಾಳಿಯಲ್ಲೇ ಇಟ್ಟುಕೊಂಡಿದ್ದ, ಕಾಲು ನೆಲಕ್ಕೆ ತಾಗಿದ್ದು ಎರಡು ಸಲ. ಬಸ್‌ಸ್ಟ್ಯಾಂಡಿನ ಹಿಂದಿನ ಆ ದೊಡ್ಡ ಹುಡುಗನೇ ಇರಬೇಕು. ಅದಕ್ಕಿಂತ ಎಐ ಬ್ಯಾಟಲ್ ಸಿಮ್ಯುಲೇಟರ್ ವಾಸಿ. ಮೂವರನ್ನು ಆರಿಸಿ, ಬಟ್ಟೆಬರೆ ಹಾಕಿಸಿ ಕಳಿಸಿದರೆ ಅವರೇ ಹೊಡೆದಾಡಿ ಡಬ್ಬಿ ಗೆದ್ದು ತರುತ್ತಾರೆ, ನಾನು ಕಾಫಿ ಕುಡಿಯುತ್ತಾ ನೋಡುವುದಷ್ಟೇ. ಫೋನಿನಲ್ಲಿ ಅಣ್ಣನ ಮಗನಿಗೆ ಇದನ್ನು ಹೇಳಿದೆ. "ಅಂದ್ರೆ ನೀನು ಕಂಟ್ರೋಲರ್ ಮುಟ್ಟದೇ ಇದ್ದಾಗ ಚೆನ್ನಾಗಿ ಆಡ್ತೀಯಾ" ಅಂದ.

ಯುಗಾದಿಗೆ ಬರುತ್ತಾನಂತೆ. ಸೂಪರ್‌ಮ್ಯಾನ್ ಕಡೆಯ ಕೊನೆಯನ್ನು ಅವನ ಜೊತೆ ನೋಡೋಣ ಅಂತ ಇಟ್ಟುಕೊಂಡಿದ್ದೇನೆ. ಅಷ್ಟರೊಳಗೆ ಆಕ್ವಾಮ್ಯಾನ್‌ದು ಒಂದು ಕಾಂಬೋ ಆದರೂ ಪೂರ್ತಿ ಬರಬೇಕು. ಐದು ಏಟಿನದು. ಸದ್ಯಕ್ಕೆ ಮೂರರವರೆಗೆ ಬರುತ್ತದೆ.