‘ಲಾರ್ಡ್ ಆಫ್ ದ ರಿಂಗ್ಸ್’ ಕೊಳ್ಳುವ ಮುನ್ನ ಪುಸ್ತಕದ ಬೆನ್ನು ನೋಡಿ

ನನ್ನ ಅಕ್ಕನ ಮಗ ಮೊದಲ ಸಂಬಳ ಬಂದ ವಾರವೇ ‘ದ ಲಾರ್ಡ್ ಆಫ್ ದ ರಿಂಗ್ಸ್’ ತರಿಸಿಕೊಂಡ. ಒಂದೇ ದಪ್ಪ ಪುಸ್ತಕ. ಲೆದರಿನ ಹಾಗೆ ಕಾಣುವ ಕಪ್ಪು ರಟ್ಟು, ಅಂಚಿಗೆ ಚಿನ್ನದ ಬಣ್ಣ, ನಡುವೆ ಕೆಂಪು ರಿಬ್ಬನ್. ಮನೆಗೆ ಬಂದವರಿಗೆಲ್ಲ ತೋರಿಸಿದ. ಎರಡನೇ ವಾರ, ಕಥೆ ಮೋರಿಯಾದ ಗಣಿಯೊಳಗೆ ಇಳಿಯುವ ಹೊತ್ತಿಗೆ, ಹಾಳೆಗಳು ಒಂದೊಂದಾಗಿ ಕೈಗೆ ಬಂದವು. ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟ. ಓದು ಅಲ್ಲಿಗೇ ನಿಂತಿತು.

ಇಂಥದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ. ಉಡುಗೊರೆ ಕೊಡುವವರು, ಬಹಳ ದಿನ ಹಣ ಕೂಡಿಟ್ಟು ಕೊಳ್ಳುವವರು, ಎಲ್ಲರೂ ಮುಖಪುಟ ನೋಡಿ ಕೊಳ್ಳುತ್ತಾರೆ. ಜೆ.ಆರ್.ಆರ್. ಟೋಲ್ಕೀನ್ ಬರೆದ ಈ ಕಥೆಯನ್ನು ಒಮ್ಮೆ ಓದಿದವರು ಮತ್ತೆ ಮತ್ತೆ ತೆರೆಯುತ್ತಾರೆ. ಇಪ್ಪತ್ತು ವರ್ಷ ಬಾಳುವ ಪ್ರತಿ ಬೇಕು. ಅದನ್ನು ಆರಿಸುವುದು ಕಷ್ಟವೇನಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು ಅಷ್ಟೇ.

ಹೆಜ್ಜೆ 1: ಒಂದೋ, ಮೂರೋ?

ಇದು ನಿಜಕ್ಕೂ ಒಂದೇ ಕಾದಂಬರಿ. ಒಳಗೆ ಆರು ಭಾಗಗಳಿವೆ. ಎರಡನೇ ಮಹಾಯುದ್ಧದ ನಂತರದ ದಿನಗಳಲ್ಲಿ ಕಾಗದ ದುಬಾರಿಯಾಗಿತ್ತು. ಹಾಗಾಗಿ ಲಂಡನ್ನಿನ ಪ್ರಕಾಶಕರಾದ ಜಾರ್ಜ್ ಆಲನ್ ಅಂಡ್ ಅನ್ವಿನ್ ಇದನ್ನು ಮೂರು ಸಂಪುಟ ಮಾಡಿ 1954ರಲ್ಲಿ ಎರಡು, 1955ರಲ್ಲಿ ಒಂದು ಹೊರತಂದರು. ಒಂದೇ ಪುಸ್ತಕವಾಗಿ ಕೊಂಡರೆ ಸುಮಾರು 1,200 ಪುಟ.

ಓದುವುದಕ್ಕಾದರೆ ಮೂರು ಸಂಪುಟಗಳ ಸೆಟ್ಟನ್ನೇ ಕೊಳ್ಳಿ. ನನ್ನ ಮಾತು ಇದರಲ್ಲಿ ಖಚಿತ. 1,200 ಪುಟದ ಪುಸ್ತಕವನ್ನು ಮಲಗಿಕೊಂಡು ಹಿಡಿಯಲು ಆಗುವುದಿಲ್ಲ, ಬಸ್ಸಿನಲ್ಲಿ ಒಯ್ಯಲು ಆಗುವುದಿಲ್ಲ. ಅಷ್ಟೂ ಭಾರವನ್ನು ಒಂದೇ ಬೆನ್ನು, ಅಂದರೆ ಹಾಳೆಗಳೆಲ್ಲ ಕೂಡುವ ಅಂಚು, ಹೊರಬೇಕು. 1999ರಲ್ಲಿ ಏಳು ಪುಟ್ಟ ಸಂಪುಟಗಳ ಸೆಟ್ ಬಂದಿತ್ತು. ಆರು ಭಾಗಗಳಿಗೆ ಆರು, ಅನುಬಂಧಕ್ಕೆ ಒಂದು. ಬೆನ್ನುಗಳನ್ನು ಸಾಲಾಗಿ ಜೋಡಿಸಿದರೆ ಟೋಲ್ಕೀನ್ ಹೆಸರಿನ ಏಳು ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ನೋಡಲು ಮುದ್ದಾಗಿದೆ, ಆದರೆ ಒಂದು ಸಂಪುಟ ಯಾರಾದರೂ ಓದಲು ಒಯ್ದು ಮರಳಿಸದಿದ್ದರೆ ಹೆಸರೇ ಮುರಿಯುತ್ತದೆ.

ಇವತ್ತೊಂದು, ಮುಂದಿನ ತಿಂಗಳು ಇನ್ನೊಂದು ಅಂತ ಬಿಡಿಬಿಡಿಯಾಗಿ ಕೊಳ್ಳಬೇಡಿ. ನಡುವೆ ಪ್ರಕಾಶಕರು ಮುಖಪುಟ ಬದಲಿಸುತ್ತಾರೆ, ಎತ್ತರವೂ ಬೇರೆಯಾಗುತ್ತದೆ. ಜೋಡಿ ಮತ್ತೆ ಸಿಗುವುದಿಲ್ಲ. 1937ರಲ್ಲೇ ಬಂದಿದ್ದ ಟೋಲ್ಕೀನರ ‘ದ ಹಾಬಿಟ್’ ಬೇರೆ ಪುಸ್ತಕ, ಇದಕ್ಕೂ ಹಿಂದಿನ ಕಥೆ. ನಾಲ್ಕು ಪುಸ್ತಕಗಳ ಡಬ್ಬಿಯಲ್ಲಿ ಅದೂ ಸೇರಿರುತ್ತದೆ. ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಹೆಜ್ಜೆ 2: ಒಳಗಿನ ಪಠ್ಯ ಸರಿಯಿದೆಯಾ?

ಮೊದಲ ಮುದ್ರಣದ ಕಾಲದಿಂದಲೇ ಈ ಪುಸ್ತಕಕ್ಕೆ ತಪ್ಪುಗಳ ಕಾಟ. ಕಥೆಯಲ್ಲಿ ಬರುವ ಕುಳ್ಳರನ್ನು ಟೋಲ್ಕೀನ್ ಬೇಕೆಂದೇ ‘ಡ್ವಾರ್ವ್ಸ್’ ಅಂತ ಬರೆದಿದ್ದರು. ಮುದ್ರಣಾಲಯದವರು ನಿಘಂಟು ನೋಡಿ ‘ಡ್ವಾರ್ಫ್ಸ್’ ಅಂತ ತಿದ್ದಿದರು. ಎಲ್ಫ್ ಜನರದ್ದು ಅನ್ನುವ ಅರ್ಥದ ‘ಎಲ್ವಿಶ್’ ಹೋಗಿ ‘ಎಲ್ಫಿಶ್’ ಆಯಿತು. ಒಂದು ಹೂವಿನ ಗಿಡದ ಹೆಸರನ್ನೂ ತಿದ್ದಿದಾಗ ಅವರು ತಮ್ಮ ಕಾಲೇಜಿನ ತೋಟಗಾರನನ್ನು ಕೇಳಿ, ತಮ್ಮದೇ ಸರಿ ಅಂತ ಖಾತ್ರಿ ಮಾಡಿಕೊಂಡರು. ಭಾಷಾ ವಿದ್ವಾಂಸರಾಗಿದ್ದ ಅವರಿಗೆ ಒಂದೊಂದು ಅಕ್ಷರವೂ ಕಥೆಯ ಭಾಗವೇ ಆಗಿತ್ತು. 1965ರಲ್ಲಿ ಅಮೆರಿಕದ ಏಸ್ ಬುಕ್ಸ್ ಪ್ರಕಾಶನ ಟೋಲ್ಕೀನರ ಒಪ್ಪಿಗೆ ಇಲ್ಲದೆಯೇ ಅಗ್ಗದ ಪ್ರತಿ ಅಚ್ಚು ಹಾಕಿತು. ಆಗ ಅವರು ಪಠ್ಯವನ್ನು ಪರಿಷ್ಕರಿಸಿ, ಹೊಸ ಮುನ್ನುಡಿ ಬರೆದು ಬ್ಯಾಲಂಟೈನ್ ಪ್ರಕಾಶನಕ್ಕೆ ಕೊಟ್ಟರು.

ಉಳಿದ ತಪ್ಪುಗಳನ್ನು ದೊಡ್ಡ ಮಟ್ಟದಲ್ಲಿ ತಿದ್ದಿದ್ದು 2004ರ ಐವತ್ತನೇ ವರ್ಷದ ಆವೃತ್ತಿಯಲ್ಲಿ. ವೇಯ್ನ್ ಹ್ಯಾಮಂಡ್ ಮತ್ತು ಕ್ರಿಸ್ಟೀನಾ ಸ್ಕಲ್ ದಂಪತಿ ನೂರಾರು ಕಡೆ ಸರಿಪಡಿಸಿದರು. ನೀವು ಮಾಡಬೇಕಾದ್ದು ಇಷ್ಟೇ: ಮೊದಲ ಕೆಲವು ಪುಟ ತಿರುವಿ, ಐವತ್ತನೇ ವರ್ಷದ ಆವೃತ್ತಿಯ ಬಗ್ಗೆ ಅವರಿಬ್ಬರ ಟಿಪ್ಪಣಿ ಇದೆಯಾ ನೋಡಿ. ಇದ್ದರೆ ಮುಂದಕ್ಕೆ ಹೋಗಿ.

ಹಳೆ ಪುಸ್ತಕದ ಅಂಗಡಿಯಲ್ಲಿ 1968ರ ಒಂದೇ ಸಂಪುಟದ ಬ್ರಿಟಿಷ್ ಪೇಪರ್‌ಬ್ಯಾಕ್ ಸಿಕ್ಕರೆ ಎಚ್ಚರ. ಪಾಲಿನ್ ಬೇನ್ಸ್ ಬರೆದ ಮುಖಪುಟ ಬಹಳ ಚೆಂದ. ಆದರೆ ಅದರಲ್ಲಿ ಅನುಬಂಧಗಳಿಲ್ಲ, ಅರಗಾರ್ನ್ ಮತ್ತು ಅರ್ವೆನ್ ಅನ್ನುವ ಪ್ರೇಮಿಗಳ ಕಥೆಯೊಂದನ್ನು ಮಾತ್ರ ಉಳಿಸಿದ್ದಾರೆ. ವಂಶಾವಳಿ, ಕಾಲಗಣನೆ, ಲಿಪಿಗಳ ವಿವರ ಎಲ್ಲಾ ಇರುವುದು ಅನುಬಂಧದಲ್ಲೇ.

ಹೆಜ್ಜೆ 3: ಬೆನ್ನು

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಗಟ್ಟಿ ರಟ್ಟು ಇದ್ದ ಮಾತ್ರಕ್ಕೆ ಪುಸ್ತಕ ಗಟ್ಟಿ ಅಂತಲ್ಲ. ಒಳಗಿನ ಹಾಳೆಗಳನ್ನು ದಾರದಿಂದ ಹೊಲಿದಿದ್ದಾರಾ, ಬರೀ ಗೋಂದು ಹಚ್ಚಿ ಅಂಟಿಸಿದ್ದಾರಾ ಅನ್ನುವುದೇ ಮುಖ್ಯ. ಪುಸ್ತಕವನ್ನು ಮುಚ್ಚಿ ಹಿಡಿದು, ತಲೆಯ ಕಡೆಯಿಂದ ಬೆನ್ನಿನ ಹತ್ತಿರ ಕಣ್ಣು ಹಾಯಿಸಿ. ಹಾಳೆಗಳು 16ರದ್ದೋ 32ರದ್ದೋ ಪುಟಗಳ ಕಂತೆಗಳಾಗಿ ಮಡಚಿಕೊಂಡು ಸಾಲಾಗಿ ಕೂತಂತೆ ಕಾಣಬೇಕು. ಅಚ್ಚಿನ ಮನೆಯವರು ಒಂದು ಕಂತೆಗೆ ಒಂದು ಫಾರಂ ಅನ್ನುತ್ತಾರೆ. ಕಂತೆಗಳೇ ಕಾಣದೆ, ಚಾಕುವಿನಿಂದ ಕೊಯ್ದ ಹಾಗೆ ನೇರ ಗೆರೆ, ಅದರ ಮೇಲೆ ಗೋಂದಿನ ಪದರ ಕಂಡರೆ ಅದು ಅಂಟಿಸಿದ ಪುಸ್ತಕ. ಕೆಳಗಿಡಿ.

ಕಂತೆ ಕಂಡಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಕಂತೆಗಳ ಬೆನ್ನಿಗೆ ಸೀಳು ಹಾಕಿ, ಅದರೊಳಗೆ ಗೋಂದು ಇಳಿಸುವ ಪದ್ಧತಿಯೂ ಇದೆ. ಮೇಲಿಂದ ನೋಡಿದರೆ ಹೊಲಿದದ್ದರ ಹಾಗೇ ಕಾಣುತ್ತದೆ. ಹಾಗಾಗಿ ಒಂದು ಕಂತೆಯ ನಟ್ಟನಡುವಿನ ಪುಟ ಹುಡುಕಿ ತೆರೆಯಿರಿ. ಮಡಿಕೆಯ ಉದ್ದಕ್ಕೂ ಅಲ್ಲಲ್ಲಿ ಬಿಳಿ ದಾರ ಕಾಣಬೇಕು. ದಾರವನ್ನು ಕಣ್ಣಾರೆ ನೋಡಿದ ಮೇಲೆಯೇ ನಂಬಿ. ಮೊದಲಲ್ಲಿ ಒಂದು, ನಡುವೆ ಒಂದು, ಕೊನೆಯಲ್ಲಿ ಒಂದು ಕಂತೆ ನೋಡಿದರೆ ಸಾಕು.

ಬೆನ್ನಿನ ತುದಿಯಲ್ಲಿ ಬಣ್ಣ ಬಣ್ಣದ ಪುಟ್ಟ ಪಟ್ಟಿ ಇರುತ್ತದಲ್ಲ, ಸೀರೆ ಅಂಚಿನ ಹಾಗೆ, ಅದನ್ನು ನೋಡಿ ‘ಹೊಲಿಗೆ ಇದೆ’ ಅಂದುಕೊಳ್ಳುವವರು ತುಂಬಾ ಜನ. ಈಗಿನ ಪುಸ್ತಕಗಳಲ್ಲಿ ಅದನ್ನು ಅಲಂಕಾರಕ್ಕೆ ಅಂಟಿಸಿರುತ್ತಾರೆ. ಹೊಲಿಗೆಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಅಕ್ಕನ ಮಗನ ಪುಸ್ತಕದಲ್ಲೂ ಅದು ಇತ್ತು.

ಆಮೇಲೆ ಪುಸ್ತಕವನ್ನು ನಡುವೆ ತೆರೆದು ಮೇಜಿನ ಮೇಲಿಡಿ. ಕೈ ಬಿಡಿ. ತೆರೆದೇ ಇದ್ದರೆ ಒಳ್ಳೆಯದು. ಪಟಕ್ಕನೆ ಮುಚ್ಚಿಕೊಂಡರೆ ಓದುವಾಗಲೆಲ್ಲ ಅದರೊಂದಿಗೆ ಗುದ್ದಾಡಬೇಕಾಗುತ್ತದೆ. ಒಳಅಂಚು ಎಷ್ಟಿದೆ ನೋಡಿ. ಸಾಲಿನ ಕೊನೆಯ ಪದ ಬೆನ್ನಿನ ಸಂದಿಯೊಳಗೆ ಹೋಗುತ್ತಿದ್ದರೆ ಬೇಡ.

ಕಾಗದಕ್ಕೆ ಎರಡು ಪರೀಕ್ಷೆ. ಒಂದು ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಹಿಂದಿನ ಪುಟದ ಅಕ್ಷರಗಳು ಮುಂದಿನದನ್ನು ಓದಲು ಬಿಡದಷ್ಟು ಇಣುಕಿದರೆ ಕಣ್ಣು ಬೇಗ ಸೋಲುತ್ತದೆ. ಒಂದೇ ಸಂಪುಟದ ಪ್ರತಿಗಳಲ್ಲಿ ಇದು ಜಾಸ್ತಿ. 1969ರಲ್ಲಿ ಆಲನ್ ಅಂಡ್ ಅನ್ವಿನ್ ತಮ್ಮ ಡಿಲಕ್ಸ್ ಪ್ರತಿಗೆ ‘ಇಂಡಿಯಾ ಪೇಪರ್’ ಬಳಸಿದರು. ಬೈಬಲ್ಲಿಗೆ ಬಳಸುವ ಜಾತಿಯ ಕಾಗದ ಅದು. ತೆಳುವಾದರೂ ಹಿಂದಿನ ಅಕ್ಷರ ಅಷ್ಟಾಗಿ ಕಾಣುವುದಿಲ್ಲ. ಎರಡನೇ ಪರೀಕ್ಷೆ: ಹಾಳೆಯನ್ನು ಮೆಲ್ಲಗೆ ಉದ್ದಕ್ಕೆ ಬಾಗಿಸಿ, ಆಮೇಲೆ ಅಡ್ಡಕ್ಕೆ ಬಾಗಿಸಿ. ಬೆನ್ನಿಗೆ ಸಮವಾಗಿ ಉದ್ದಕ್ಕೆ ಬಾಗಿಸಿದಾಗ ಸುಲಭವಾಗಿ ಬಾಗಬೇಕು. ಕಾಗದದ ನಾರು ಅಡ್ಡಲಾಗಿದ್ದರೆ ಮಳೆಗಾಲದ ತೇವಕ್ಕೆ ಹಾಳೆಗಳು ಬೆನ್ನಿನ ಹತ್ತಿರ ಅಲೆ ಅಲೆಯಾಗಿ ಉಬ್ಬುತ್ತವೆ.

ಇನ್ನು ಲೆದರ್ ವಿಷಯ. ‘ಬಾಂಡೆಡ್ ಲೆದರ್’ ಅಂತ ಬರೆದಿದ್ದರೆ ಅದು ಚರ್ಮದ ಚೂರುಗಳನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಮಾಡಿದ ಹಾಳೆ. ಕೆಲವು ವರ್ಷಕ್ಕೆ ಹೊಟ್ಟಿನ ಹಾಗೆ ಉದುರುತ್ತದೆ. ಹಳೆ ಸೋಫಾಗಳಲ್ಲಿ ನೀವು ನೋಡಿರುತ್ತೀರಿ. ದುಡ್ಡು ಸುಮ್ನೆ ಹೋಗುತ್ತದೆ. ಬಟ್ಟೆಯ ಕ್ಯಾಲಿಕೋ ರಟ್ಟು ಅದಕ್ಕಿಂತ ಹೆಚ್ಚು ಬಾಳುತ್ತದೆ. ಚಿನ್ನದ ಅಂಚಿಗಾಗಿ ಹೆಚ್ಚು ಹಣ ಕೊಡಬೇಡಿ, ಅದೇ ಹಣಕ್ಕೆ ಹೊಲಿದ ಪ್ರತಿ ಸಿಗುತ್ತದಾ ನೋಡಿ.

ಆನ್‌ಲೈನಿನಲ್ಲಿ ಕೊಳ್ಳುವವರು ಏನು ಮಾಡಬೇಕು? ‘ಡಿಲಕ್ಸ್’, ‘ಕಲೆಕ್ಟರ್ಸ್’ ಅನ್ನುವ ಪದಗಳನ್ನು ಬಿಟ್ಟುಬಿಡಿ, ಅವು ಹೊಲಿಗೆಯ ಬಗ್ಗೆ ಏನೂ ಹೇಳುವುದಿಲ್ಲ. ವಿವರದಲ್ಲಿ ‘ಸೋನ್ ಬೈಂಡಿಂಗ್’ (sewn binding, ಅಂದರೆ ಹೊಲಿದ ಕಟ್ಟು) ಅಂತ ಇದೆಯಾ ಹುಡುಕಿ. ಮಾರುವವರನ್ನು ಮೂರು ಫೋಟೋ ಕೇಳಿ: ಬೆನ್ನಿನ ತಲೆಭಾಗ, ಕಾಪಿರೈಟ್ ಪುಟ, ನಕ್ಷೆ. ಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಪಾರ್ಸೆಲ್ ಬಂದ ದಿನವೇ ದಾರ ಹುಡುಕಿ, ವಾಪಸ್ ಕೊಡುವ ದಿನ ಮುಗಿಯುವವರೆಗೆ ಕಾಯಬೇಡಿ. ಬೆಂಗಳೂರಿನಲ್ಲಿ ಇರುವವರು ಚರ್ಚ್ ಸ್ಟ್ರೀಟಿಗೆ ಹೋಗಿ ಕೈಯಲ್ಲಿ ಹಿಡಿದೇ ಕೊಳ್ಳುವುದು ವಾಸಿ.

ಹೆಜ್ಜೆ 4: ನಕ್ಷೆ

ಈ ಕಥೆಯಲ್ಲಿ ಪಾತ್ರಗಳು ನಡೆಯುತ್ತಲೇ ಇರುತ್ತವೆ. ನಕ್ಷೆ ಇಲ್ಲದೆ ಓದಬಾರದು. ಲೇಖಕರ ಮಗ ಕ್ರಿಸ್ಟೋಫರ್ ಟೋಲ್ಕೀನ್ ಬರೆದ ದೊಡ್ಡ ನಕ್ಷೆ ಮೊದಲ ಮುದ್ರಣದಲ್ಲಿ ಕಪ್ಪು ಮತ್ತು ಕೆಂಪು ಬಣ್ಣದಲ್ಲಿ, ಮಡಚಿ ಬಿಚ್ಚುವ ಹಾಳೆಯಾಗಿ ಪುಸ್ತಕದ ಕೊನೆಗೆ ಇತ್ತು. ಈಗಲೂ ಹಾಗೆ ಬಿಚ್ಚುವ ನಕ್ಷೆ ಇರುವ ಪ್ರತಿಯನ್ನೇ ಹುಡುಕಿ. ಎರಡು ಪುಟಕ್ಕೆ ಹರಡಿ ಅಚ್ಚು ಹಾಕಿದರೆ ನಡುವಿನ ಊರುಗಳು ಸಂದಿಯೊಳಗೆ ಮಾಯವಾಗುತ್ತವೆ.

ಕಳ್ಳಪ್ರತಿಯನ್ನು ಕಂಡುಹಿಡಿಯುವುದೂ ನಕ್ಷೆಯಿಂದಲೇ. ಫುಟ್‌ಪಾತಿನ ನಕಲಿ ಪುಸ್ತಕಗಳಲ್ಲಿ ನಕ್ಷೆಯ ಸಣ್ಣ ಅಕ್ಷರಗಳು ಜೆರಾಕ್ಸ್ ಮಾಡಿದಂತೆ ಮಸಿಯಾಗಿ ಹರಡಿರುತ್ತವೆ. ಕೆಲವದರಲ್ಲಿ ನಕ್ಷೆಯೇ ಇರುವುದಿಲ್ಲ.

ಹೆಜ್ಜೆ 5: ಚಿತ್ರ ಬೇಕಾ?

ಮೊದಲ ಸಲ ಓದುವವರಿಗೆ ಚಿತ್ರ ಬೇಡ. ಕಥೆಯ ಮಾಂತ್ರಿಕ ಗಾಂಡಾಲ್ಫನ ಮುಖ ನಿಮ್ಮ ಮನಸ್ಸಿನಲ್ಲಿ ತಾನಾಗಿಯೇ ಮೂಡಲಿ. ಸಿನಿಮಾದ ಫೋಟೋ ಇರುವ ಮುಖಪುಟ ಅಂತೂ ಬೇಡವೇ ಬೇಡ.

ಎರಡನೇ ಓದಿಗೆ ಅಲನ್ ಲೀ ಚಿತ್ರಗಳ ಪ್ರತಿ ಕೊಳ್ಳಿ. 1991ರಲ್ಲಿ, ಟೋಲ್ಕೀನ್ ಜನ್ಮಶತಮಾನದ ಹೊತ್ತಿಗೆ, 50 ಜಲವರ್ಣ ಚಿತ್ರಗಳೊಂದಿಗೆ ಮೊದಲು ಬಂತು. ಅವರ ಚಿತ್ರಗಳಲ್ಲಿ ಮಂಜು, ಮರ, ಕಲ್ಲು ಜಾಸ್ತಿ, ಮುಖಗಳು ಕಡಿಮೆ. ಹಾಗಾಗಿ ಅವು ನಿಮ್ಮ ಕಲ್ಪನೆಗೆ ಅಡ್ಡ ಬರುವುದಿಲ್ಲ. 2024ರವರೆಗೆ ಡೆನ್ಮಾರ್ಕನ್ನು ಆಳಿದ ರಾಣಿ ಎರಡನೇ ಮಾರ್ಗರೆಟ್ ಕೂಡ ಈ ಕಥೆಗೆ ಚಿತ್ರ ಬರೆದಿದ್ದಾರೆ ಗೊತ್ತಾ? 1977ರ ಫೋಲಿಯೋ ಸೊಸೈಟಿ ಆವೃತ್ತಿಯಲ್ಲಿ ಅವು ಬೇರೊಂದು ಹೆಸರಿನಲ್ಲಿ ಅಚ್ಚಾದವು. ಅಚ್ಚಿಗೆ ಹೊಂದುವಂತೆ ಎರಿಕ್ ಫ್ರೇಸರ್ ಅವನ್ನು ಮತ್ತೆ ಬಿಡಿಸಿದ್ದರು.

ನನಗೆ ತುಂಬಾ ಇಷ್ಟವಾದದ್ದು ಟೋಲ್ಕೀನರೇ ಬರೆದ ಚಿತ್ರಗಳು. ಕಥೆಯಲ್ಲಿ ಮೋರಿಯಾದ ಗಣಿಯೊಳಗೆ ಮಜರ್ಬುಲ್ ಅನ್ನುವ ಹಳೆಯ ದಾಖಲೆ ಗ್ರಂಥವೊಂದು ಸಿಗುತ್ತದೆ, ಅದರ ಹರಿದ ಪುಟಗಳನ್ನು ಅವರು ಕೈಯಾರೆ ತಯಾರಿಸಿದ್ದರು. ಅಂಚು ಸುಟ್ಟು, ರಕ್ತದ ಕಲೆಯಂತೆ ಬಣ್ಣ ಹಚ್ಚಿ! ಪುಸ್ತಕದಲ್ಲಿ ಹಾಕಬೇಕು ಅನ್ನುವುದು ಅವರ ಆಸೆ. ಖರ್ಚು ಜಾಸ್ತಿ ಅಂತ ಪ್ರಕಾಶಕರಿಗೆ ಆಗಲಿಲ್ಲ. 2004ರ ಐವತ್ತನೇ ವರ್ಷದ ಡಿಲಕ್ಸ್ ಪ್ರತಿಯಲ್ಲಿ ಆ ಪುಟಗಳಿವೆ. 2021ರಲ್ಲಿ ಹಾರ್ಪರ್‌ಕಾಲಿನ್ಸ್ ಲೇಖಕರದೇ ಚಿತ್ರಗಳನ್ನು ಸೇರಿಸಿ ಒಂದೇ ಸಂಪುಟ ತಂದಿತು. ಉಂಗುರದ ಮೇಲಿನ ಬರಹ ಅದರಲ್ಲಿ ಕೆಂಪು ಬಣ್ಣದಲ್ಲಿದೆ. ಮೂರು ಸಂಪುಟದ ನನ್ನ ನಿಯಮವನ್ನು ನಾನು ಮುರಿಯುವುದು ಇಂಥ ಪ್ರತಿಗಾಗಿ ಮಾತ್ರ. ಮೇಜಿನ ಮೇಲಿಟ್ಟು ಓದಬೇಕು.

ಹೆಜ್ಜೆ 6: ಮನೆಗೆ ತಂದ ಮೇಲೆ

ಹೊಸ ಪುಸ್ತಕವನ್ನು ನಡುವಿಗೆ ಒಮ್ಮೆಲೇ ಬಿಡಿಸಬೇಡಿ, ಬೆನ್ನು ಮುರಿಯುತ್ತದೆ. ಬೆನ್ನನ್ನು ಮೇಜಿಗೆ ತಾಗಿಸಿ ನಿಲ್ಲಿಸಿ. ಮೊದಲು ಎರಡೂ ರಟ್ಟುಗಳನ್ನು ಕೆಳಗಿಳಿಸಿ. ಆಮೇಲೆ ಮುಂದಿನಿಂದ ಸ್ವಲ್ಪ ಹಾಳೆ, ಹಿಂದಿನಿಂದ ಸ್ವಲ್ಪ ಹಾಳೆ ಇಳಿಸಿ, ಬೆರಳಿನಿಂದ ಮೆಲ್ಲಗೆ ಸವರುತ್ತಾ ನಡುವಿಗೆ ಬನ್ನಿ. ಹತ್ತು ನಿಮಿಷದ ಕೆಲಸ.

ಅಂಟುವ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಬಟ್ಟೆಯ ರಟ್ಟು ಹಾಳಾಗುತ್ತದೆ. ಗೋಡೆಗೆ ತಾಗಿಸದೆ, ಗಾಳಿ ಆಡುವ ಹಾಗೆ ನಿಲ್ಲಿಸಿ ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರತೆಗೆದು ಒಣ ಬಟ್ಟೆಯಿಂದ ಒರೆಸಿ, ಹಾಳೆಗಳನ್ನು ಒಮ್ಮೆ ಜರ್ರನೆ ತಿರುವಿ ಗಾಳಿ ತಾಗಿಸಿ. ಡಬ್ಬಿಯೊಂದಿಗೆ ಬಂದ ಸೆಟ್ ಆದರೆ ಆ ನಾಲ್ಕು ತಿಂಗಳು ಡಬ್ಬಿಯಿಂದ ಹೊರಗೇ ಇರಲಿ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ.