ಘಟ್ಟ ಇಳಿಯದೆ ಮಿರ್ಜಾನ ಕೋಟೆಗೆ: ತರಗತಿಯಲ್ಲೇ ಪ್ರವಾಸ ಮಾಡಿಸುವುದು ಹೇಗೆ?

ಶಿರಸಿ ಕಡೆಯ ಮಕ್ಕಳಿಗೆ ಘಟ್ಟದ ಕೆಳಗೆ ಕುಮಟಾ ಹತ್ತಿರದ ಮಿರ್ಜಾನ ಕೋಟೆ ತೋರಿಸಬೇಕು ಅಂದರೆ ಬಸ್ಸು ಗೊತ್ತು ಮಾಡಬೇಕು. ಪಾಲಕರಿಂದ ಒಪ್ಪಿಗೆ ಪತ್ರ ತರಿಸಬೇಕು. ದೇವಿಮನೆ ಘಟ್ಟದ ತಿರುವುಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಇಟ್ಟುಕೊಂಡಿರಬೇಕು. ವರ್ಷಕ್ಕೆ ಇಂಥ ಒಂದು ಪ್ರವಾಸ ಆದರೇ ದೊಡ್ಡದು. ಅಮೆರಿಕ, ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಅಲ್ಲಿನ ಸಿಬ್ಬಂದಿಯೇ ಕ್ಯಾಮೆರಾ ಮುಂದೆ ನಿಂತು ದೂರದ ಶಾಲೆಗಳ ಮಕ್ಕಳ ಜೊತೆ ಮಾತಾಡುತ್ತಾರೆ. ನಾವು ಅಷ್ಟು ದೊಡ್ಡ ಏರ್ಪಾಟಿಗೆ ಕಾಯಬೇಕಿಲ್ಲ. ಒಂದು ಫೋನು, ಒಂದು ಪ್ರೊಜೆಕ್ಟರ್, ಘಟ್ಟದ ಕೆಳಗೆ ಪರಿಚಯದ ಒಬ್ಬ ಮಾಸ್ತರು ಅಥವಾ ಅಕ್ಕೋರು ಇದ್ದರೆ ಸಾಕು.

ಮೊದಲು ಜಾಗ, ಜೊತೆಗೆ ಒಂದು ನಂಟು

ಜಾಗ ಚೆನ್ನಾಗಿದೆ ಅಂತ ಸುಮ್ನೆ ಆರಿಸಬೇಡಿ. ನಿಮ್ಮ ಮಕ್ಕಳಿಗೂ ಆ ಜಾಗಕ್ಕೂ ಏನು ಸಂಬಂಧ ಎಂದು ಹುಡುಕಿ. ಮಿರ್ಜಾನದ್ದು ನೋಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೋಟೆ ಅದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಆಕೆಯನ್ನು ಕರೆದದ್ದೇ ಮೆಣಸಿನ ರಾಣಿ ಎಂದು. ಘಟ್ಟದ ಮೇಲಿನ ಕಾಳುಮೆಣಸು ಕೆಳಗಿಳಿದು ಹಡಗು ಹತ್ತುತ್ತಿದ್ದ ಕಾಲ. ಶಿರಸಿಯ ಯಾವ ಮನೆಯಲ್ಲಿ ಮೆಣಸಿನ ಡಬ್ಬಿ ಇಲ್ಲ ಹೇಳಿ? ಕೋಟೆಯ ಹತ್ತಿರ ಹರಿಯುವ ಅಘನಾಶಿನಿ ಹುಟ್ಟುವುದೂ ಶಿರಸಿಯಲ್ಲೇ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದಾರಿಯಲ್ಲಿ ಒಂದೂ ಅಣೆಕಟ್ಟು ಕಾಣದೆ ಕಡಲು ಸೇರುತ್ತದೆ.

ಹಾಗಾಗಿ ಹಿಂದಿನ ದಿನವೇ ಹೇಳಿಬಿಡಿ: ಎಲ್ಲರೂ ಮನೆಯಿಂದ ನಾಲ್ಕು ಕಾಳು ಮೆಣಸು ತರಬೇಕು. ಒಂದು ಚಿರೆಕಲ್ಲಿನ ಚೂರನ್ನೂ ಮೇಜಿನ ಮೇಲೆ ಇಡಿ. ಕೋಟೆ ಕಟ್ಟಿದ್ದು ಆ ಕಲ್ಲಿನಿಂದಲೇ. ಪರದೆ ಎಷ್ಟೇ ದೊಡ್ಡದಿರಲಿ, ಮಕ್ಕಳ ಕೈಯಲ್ಲಿ ಏನೂ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಅದು ಟಿವಿ ಆಗಿಬಿಡುತ್ತದೆ.

ರೇಂಜ್ ನೋಡಿಕೊಳ್ಳಿ

ನನ್ನ ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಕೆಳಗಿದ್ದ ಸ್ನೇಹಿತರು ಉತ್ಸಾಹದಲ್ಲಿ ಮಾತಾಡುತ್ತಲೇ ಇದ್ದರು, ನಮಗೆ ಕೇಳಿದ್ದು ಬರೀ ಗಾಳಿ. ಆಮೇಲೆ ಅವರ ಮುಖ ಬಾಯಿ ತೆರೆದಲ್ಲೇ ನಿಂತುಬಿಟ್ಟಿತು. ಮಕ್ಕಳಿಗೆ ಅದೇ ಖುಷಿ. ಕೋಟೆ ಮರೆತರೂ ಆ ಮುಖವನ್ನು ಇನ್ನೂ ಮರೆತಿಲ್ಲ!

ಹಿಂದಿನ ದಿನ ಅದೇ ಹೊತ್ತಿಗೆ ಕೋಟೆಯಲ್ಲಿ ಓಡಾಡಿ, ಎಲ್ಲಿ ರೇಂಜ್ ಸಿಗುತ್ತದೆ ಎಂದು ಗುರುತು ಮಾಡಿಕೊಳ್ಳಲಿ. ಅಂಥ ಮೂರು ಜಾಗ ಸಿಕ್ಕರೆ ಸಾಕು. ಮೈಕ್ ಇರುವ ಇಯರ್‌ಫೋನ್ ಹಾಕಿಕೊಳ್ಳಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಲಿ. ಫೋನನ್ನು ಅಡ್ಡ ಹಿಡಿಯಲಿ, ನಡೆಯುತ್ತ ತೋರಿಸುವುದು ಬೇಡ. ನೋಡುವವರಿಗೆ ಘಟ್ಟ ಇಳಿದಷ್ಟೇ ತಲೆ ತಿರುಗುತ್ತದೆ. ಫೋನಿನ ಬದಲು ಟ್ರೈಪಾಡ್, ದೊಡ್ಡ ಕ್ಯಾಮೆರಾ ಒಯ್ಯುವುದಿದ್ದರೆ ಅನುಮತಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ಕಡೆ ಕರೆಂಟಿನದೇ ಚಿಂತೆ. ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ, ದಸರಾ ರಜೆ ಮುಗಿದ ಮೇಲೆ ಒಳ್ಳೆಯದು.

ನಲವತ್ತು ನಿಮಿಷ

ಕೋಟೆಯಿಂದ ಮಾತಾಡುವವರಿಗೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಉಳಿದದ್ದು ಮಕ್ಕಳದು. ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆಸಿ. ಆದರೆ ರಾಣಿ ಯಾವ ಇಸವಿಯಲ್ಲಿ ಆಳಿದಳು ಎನ್ನುವಂಥದ್ದು ಬಂದರೆ ಪಕ್ಕಕ್ಕಿಡಿ, ಅದು ಪುಸ್ತಕದಲ್ಲೇ ಸಿಗುತ್ತದೆ. ಅಲ್ಲೇ ನಿಂತವರು ಮಾತ್ರ ಹೇಳಬಹುದಾದದ್ದನ್ನು ಕೇಳಿಸಿ. ನಮ್ಮ ತರಗತಿಯ ಒಬ್ಬಳು, ‘ಅಕ್ಕೋರೇ, ಆ ಬಾವಿಯಲ್ಲಿ ನೀರಿದ್ಯಾ? ಒಂದು ಕಲ್ಲು ಹಾಕಿ ನೋಡಿ’ ಅಂದಳು. ಕಲ್ಲು ಹಾಕುವ ಹಾಗಿಲ್ಲ ಎಂದು ಹೇಳಿ ಅವರು ಫೋನನ್ನೇ ಬಾವಿಯ ಕಡೆ ಬಗ್ಗಿಸಿದರು. ಇಡೀ ತರಗತಿ ಬೆಂಚಿನಿಂದ ಎದ್ದು ಬಗ್ಗಿತು.

ರೇಂಜ್ ಇಲ್ಲದ ಕಾಡಿಗೆ

ಅಣಶಿ ಕಡೆ ನೇರ ಪ್ರಸಾರದ ಆಸೆ ಬಿಡಿ. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಕಾಡಿನೊಳಗೆ ಹೋಗುವುದಕ್ಕೆ, ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲೇ ರೆಕಾರ್ಡ್ ಮಾಡಿ ತಂದು, ಪರದೆ ಆರಿಸಿ, ಜೀರುಂಡೆ, ಮಂಗಟ್ಟೆ ಹಕ್ಕಿಯ ಶಬ್ದ ಮಾತ್ರ ಕೇಳಿಸಿ. ಕಣ್ಣು ಮುಚ್ಚಿ ಕೇಳಿದ ಕಾಡು ಮಕ್ಕಳಿಗೆ ಜಾಸ್ತಿ ಹಿಡಿಸುತ್ತದೆ ಎನ್ನುವುದು ನನ್ನ ಅನುಭವ.

ವಿದೇಶದ ಉದ್ಯಾನ ನೋಡಬೇಕೆಂದರೆ ಗಡಿಯಾರದ ಲೆಕ್ಕ ಮಾಡಿ. 1872ರಲ್ಲಿ ಶುರುವಾದ ಯೆಲ್ಲೋಸ್ಟೋನ್‌ನಲ್ಲಿ ಓಲ್ಡ್ ಫೇಯ್ತ್‌ಫುಲ್ ಎಂಬ ಬಿಸಿನೀರ ಬುಗ್ಗೆ ಇದೆ. ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಅದನ್ನು ತೋರಿಸುವ ಕ್ಯಾಮೆರಾ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ನಮ್ಮಲ್ಲಿ ಹನ್ನೊಂದು ಗಂಟೆ ಅಂದರೆ ಅಲ್ಲಿ ಕತ್ತಲೆ. ಶನಿವಾರ ಬೆಳಗಿನ ಶಾಲೆಯ 8 ಗಂಟೆಗೆ, ಜೂನ್–ಜುಲೈನಲ್ಲಾದರೆ, ಅಲ್ಲಿ ಶುಕ್ರವಾರ ರಾತ್ರಿ ಎಂಟೂವರೆ, ಇನ್ನೂ ಬೆಳಕು. ಆದರೆ ಆಗ ನಮ್ಮಲ್ಲಿ ಕರೆಂಟ್ ಇರಬೇಕಲ್ಲ!

ತಿರುಗಿ ಕೊಡುವುದು

ಒಂದು ಸಲ ಘಟ್ಟದ ಕೆಳಗಿನವರು ತೋರಿಸಿದರೆ ಮುಂದಿನ ಸಲ ನೀವು ತೋರಿಸಬೇಕು. ಕರಾವಳಿಯ ಮಕ್ಕಳಿಗೆ ಬನವಾಸಿಯ ಮಧುಕೇಶ್ವರ ದೇವಸ್ಥಾನದ ಅಂಗಳಕ್ಕೆ ನಿಮ್ಮ ಮಕ್ಕಳೇ ಗೈಡ್ ಆಗಲಿ. ನಾವು ಅದಕ್ಕೂ ಮೊದಲು ಕುಮಟಾ ಬಸ್ಸಿಗೆ ಹೊರಟ ಪರಿಚಯದವರ ಕೈಲಿ ಒಂದು ಪೊಟ್ಟಣ ಮೆಣಸು ಕಳಿಸಿದೆವು. ವಾರದ ಮೇಲೆ ಅತ್ತಲಿಂದ ಸಾಣಿಕಟ್ಟೆಯ ಉಪ್ಪು ಬಂತು, ಜೊತೆಗೆ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತದ ನಾಲ್ಕು ತೆನೆ. ಮಾರನೇ ದಿನ ಪಾಠ ಮಾಡಲು ಪ್ರೊಜೆಕ್ಟರ್ ಹಚ್ಚಲೇ ಇಲ್ಲ.