ಭೂಗತ ವಿದ್ಯುತ್ ಕೇಬಲ್ ಊರಿಗೆ ಬರುವ ಮುನ್ನ: ಏನು ಕೇಳಬೇಕು, ಏನು ಬರೆಸಿಕೊಳ್ಳಬೇಕು?

ಕಂಬವಿಲ್ಲ, ತಂತಿಯಿಲ್ಲ, ಹಾಗಾಗಿ ತಕರಾರೂ ಬರುವುದಿಲ್ಲ ಎಂಬ ನಂಬಿಕೆಯಲ್ಲೇ ಭೂಗತ ಕೇಬಲ್ ಯೋಜನೆಗಳು ಹಳ್ಳಿಗಳತ್ತ ಹೊರಡುತ್ತವೆ. ಹೂತ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ, ನಿಜ. ಹೂಳುವುದಕ್ಕೆ ಮಾತ್ರ ಹೊಲ ಬಗೆಯಬೇಕು, ರಸ್ತೆ ಕತ್ತರಿಸಬೇಕು, ಹಳ್ಳ ದಾಟಬೇಕು. ಊರನ್ನು ಹೆಚ್ಚು ಕಾಡುವುದು ಕೇಬಲ್ ಅಲ್ಲ, ಈ ಅಗೆತ. ಮಾರ್ಗ ಇನ್ನೂ ಕಾಗದದ ಮೇಲಿರುವಾಗಲೇ ಕೆಲಸ ಶುರು ಮಾಡಿ.

1. ನಕ್ಷೆ ಪಡೆಯಿರಿ
ಇಡೀ ಸೀಮೆಯನ್ನು ಒಂದೇ ಹಾಳೆಯಲ್ಲಿ ತೋರಿಸುವ ಬಣ್ಣದ ಚಿತ್ರ ಸಾಲದು. ಯಾರ ಜಮೀನಿನ ಯಾವ ಅಂಚು ಎಂದು ಗುರುತಿಸುವಷ್ಟು ವಿವರವಾದ ನಕ್ಷೆ ಬೇಕು. ವೋಲ್ಟೇಜ್ ಎಷ್ಟು, ಎಸಿಯೋ (ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್) ಡಿಸಿಯೋ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ಎಂದೂ ಕೇಳಿ. ಡಿಸಿಗೆ ಕಡಿಮೆ ಕೇಬಲ್ ಸಾಕಾಗುವುದರಿಂದ ಕಂದಕ ಸಾಮಾನ್ಯವಾಗಿ ಕಿರಿದಾಗಿರುತ್ತದೆ.

2. ಎರಡು ಅಗಲ ಕೇಳಿ
ಕೊನೆಗೆ ಉಳಿಯುವ ಜಮೀನಿನ ಪಟ್ಟಿ ಬೇರೆ, ಕೆಲಸದ ಹೊತ್ತಿಗೆ ಬೇಕಾಗುವ ಪಟ್ಟಿ ಬೇರೆ. ಮಣ್ಣಿನ ರಾಶಿ, ಯಂತ್ರಗಳ ಓಡಾಟ, ಕೇಬಲ್ ಸುತ್ತಿದ ಭಾರೀ ಡ್ರಮ್‌ ಹೊತ್ತ ಲಾರಿ ಎಲ್ಲಕ್ಕೂ ಜಾಗ ಬೇಕು. ಮೊದಲ ಸಭೆಯಲ್ಲಿ ಹೇಳುವುದು ಹೆಚ್ಚಾಗಿ ಕಿರಿದಾದ ಲೆಕ್ಕವನ್ನೇ. ಒಂದು ಡ್ರಮ್‌ನಲ್ಲಿ ಹಿಡಿಯುವ ಉದ್ದಕ್ಕೆ ಮಿತಿಯಿರುವುದರಿಂದ ಅಲ್ಲಲ್ಲಿ ಕೇಬಲ್ ಬೆಸೆಯುವ ಗುಂಡಿಗಳೂ ಬರುತ್ತವೆ. ಮುಂದೆ ದೋಷ ಕಂಡರೆ ಅಲ್ಲೇ ಮತ್ತೆ ಅಗೆಯುವ ಸಾಧ್ಯತೆ ಹೆಚ್ಚು. ಅವು ಮನೆ ಬಾಗಿಲಿಗೋ ಶಾಲೆಯ ಮುಂದಕ್ಕೋ ಬೀಳದಂತೆ ಈಗಲೇ ಹೇಳಿ.

3. ಮಾರ್ಗದುದ್ದಕ್ಕೂ ನಡೆಯಿರಿ
ಬಾವಿ, ಕೊಳವೆ ಬಾವಿ, ನೀರಿನ ಪೈಪು, ಬದು, ಬಸಿಗಾಲುವೆ, ಹಳೆಯ ಮರ ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ, ದಿನಾಂಕ ಸಹಿತ ಫೋಟೊ ತೆಗೆದಿಡಿ. ‘ಜಮೀನನ್ನು ಯಥಾಸ್ಥಿತಿಗೆ ತರಲಾಗುವುದು’ ಎಂಬ ವಾಕ್ಯ ಇಂಥ ಪತ್ರಗಳಲ್ಲಿ ಇದ್ದೇ ಇರುತ್ತದೆ. ಆ ಸ್ಥಿತಿ ಏನಿತ್ತು ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಆ ಮಾತು ಯಾವ ಕೆಲಸಕ್ಕೂ ಬಾರದು.

4. ಮಣ್ಣಿನ ಷರತ್ತು ಬರೆಸಿಕೊಳ್ಳಿ
ಪಟ್ಟು ಹಿಡಿಯಬೇಕಾದದ್ದು ಇಲ್ಲಿ. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ರಾಶಿ ಹಾಕಿ ಅದೇ ಕ್ರಮದಲ್ಲಿ ತುಂಬಬೇಕು. ಎರಡೂ ಬೆರೆತರೆ ಆ ಪಟ್ಟಿಯಲ್ಲಿ ಪೈರು ವರ್ಷಗಟ್ಟಲೆ ಸೊರಗಬಹುದು. ನೆಲ ಹಸಿಯಾಗಿದ್ದಾಗ ಯಂತ್ರ ಇಳಿಸಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಕೊಯ್ಲಿನ ನಂತರದ ಒಣ ದಿನಗಳನ್ನೇ ಕೇಳಿ. ಕಂದಕಕ್ಕೆ ತುಂಬಿದ ಸಡಿಲ ಮರಳಿನೊಳಗೆ ನೀರು ಕಾಲುವೆಯಂತೆ ಹರಿದು ಎಲ್ಲೋ ಒಂದು ಕಡೆ ಜೌಗು ಮಾಡುವುದೂ ಉಂಟು. ಕಡಿದ ಬಸಿಗಾಲುವೆಗಳನ್ನು ಜೋಡಿಸುವ ಹೊಣೆ ಯಾರದೆಂದು ಬರಹದಲ್ಲಿರಲಿ.

ಶಾಖದ ಪ್ರಶ್ನೆಯೂ ಇದೆ. ಪೂರ್ಣ ಹೊರೆಯಲ್ಲಿ ಕೇಬಲ್‌ನ ಒಳಗಿನ ವಾಹಕ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಹುದು. ನೆಲದ ಮೇಲ್ಮೈಗೆ ತಲಪುವಷ್ಟರಲ್ಲಿ ಆ ಬಿಸಿಯ ಬಹುಪಾಲು ಕರಗಿರುತ್ತದೆ. ಜರ್ಮನಿಯ ಸುಮಾರು 700 ಕಿಲೋಮೀಟರ್ ಉದ್ದದ ಸ್ಯೂಡ್‌ಲಿಂಕ್ ಭೂಗತ ಕೇಬಲ್ ಯೋಜನೆಯಲ್ಲಿ ರೈತರು ಎತ್ತಿದ ಆತಂಕಗಳಲ್ಲಿ ಮಣ್ಣು ಬಿಸಿಯಾಗಿ ಒಣಗುವುದೂ ಒಂದು. ನಿಮ್ಮ ಮಣ್ಣಿಗೆ ಮಾಡಿದ ಲೆಕ್ಕ ತೋರಿಸುವಂತೆ ಕೇಳಿ.

5. ವಿಕಿರಣದ ಭಯವನ್ನು ಅಂಕಿಗೆ ಇಳಿಸಿ
ವಿದ್ಯುತ್ ಕ್ಷೇತ್ರವನ್ನು ಕೇಬಲ್‌ನ ಲೋಹದ ಹೊದಿಕೆ ತಡೆಯುತ್ತದೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಅದು ನೇರ ಮೇಲ್ಭಾಗದಲ್ಲಿ ಹೆಚ್ಚಿದ್ದು, ಪಕ್ಕಕ್ಕೆ ಕೆಲವು ಮೀಟರ್ ಸರಿದರೆ ಬೇಗ ಇಳಿಯುತ್ತದೆ. 50 ಹರ್ಟ್ಸ್ ಎಸಿ ವಿದ್ಯುತ್ತಿಗೆ ಅಂತಾರಾಷ್ಟ್ರೀಯ ಅಯಾನೀಕರಿಸದ ವಿಕಿರಣ ರಕ್ಷಣಾ ಆಯೋಗ (ICNIRP) 2010ರಲ್ಲಿ ಸಾರ್ವಜನಿಕರಿಗೆ ಸೂಚಿಸಿದ ಮಟ್ಟ 200 ಮೈಕ್ರೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ಇಂಥ ಕಾಂತಕ್ಷೇತ್ರಗಳನ್ನು 2002ರಲ್ಲಿ ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಪಟ್ಟಿಗೆ ಸೇರಿಸಲಾಯಿತು; ಅದು ಸಾಬೀತಾದ ಮಾತಲ್ಲ. ‘ಏನೂ ಆಗುವುದಿಲ್ಲ’ ಎಂಬ ಭರವಸೆಯ ಬದಲು ಹತ್ತಿರದ ಮನೆಯ ಬಳಿ ಎಷ್ಟಿರುತ್ತದೆ ಎಂಬ ಸಂಖ್ಯೆ ಕೇಳಿ.

6. ಆಕ್ಷೇಪ ಬರಹದಲ್ಲಿರಲಿ
ಸಭೆಯಲ್ಲಿ ಕೂಗಿದ್ದು ಕಡತ ಸೇರುವುದಿಲ್ಲ. ‘ಯೋಜನೆ ಬೇಡ’ ಎನ್ನುವುದಕ್ಕಿಂತ ‘ಈ ಬಾವಿಯ ಪಕ್ಕ ಬೇಡ, ಆ ರಸ್ತೆಯ ಅಂಚಿನಲ್ಲಿ ಹೋಗಲಿ’ ಎಂಬ ಪತ್ರಕ್ಕೆ ಉತ್ತರ ಸಿಗುವುದು ಹೆಚ್ಚು. ಹಳ್ಳ, ರಸ್ತೆಗಳನ್ನು ಅಗೆಯದೆ ಅಡಿಯಿಂದ ಅಡ್ಡ ಕೊರೆದು ದಾಟುವ ವಿಧಾನವಿದೆ, ಅದನ್ನೂ ಕೇಳಿ. ಸ್ವೀಕೃತಿ ಮುದ್ರೆ ಪಡೆಯದೆ ಹಿಂತಿರುಗಬೇಡಿ.

7. ಮುಚ್ಚುವ ಮುನ್ನ ಅಳೆಯಿರಿ
ಕಂದಕ ತೆರೆದಿರುವಾಗಲೇ ಆಳ ಅಳೆದು, ಟೇಪು ಕಾಣುವಂತೆ ಫೋಟೊ ತೆಗೆಯಿರಿ. ಕೇಬಲ್ ಮೇಲೆ ರಕ್ಷಣಾ ಹಲಗೆ, ಎಚ್ಚರಿಕೆಯ ಪಟ್ಟಿ ಹಾಸಿದ್ದಾರೆಯೇ ನೋಡಿ. ಕೆಲಸ ಮುಗಿದ ಮೇಲೆ, ನಿಜವಾಗಿ ಹೂತ ಜಾಗ ಮತ್ತು ಆಳ ತೋರಿಸುವ ಅಂತಿಮ ನಕ್ಷೆ ಕೇಳಿ. ಮೊದಲಿನ ನಕ್ಷೆಗೂ ಅದಕ್ಕೂ ವ್ಯತ್ಯಾಸ ಇರುತ್ತದೆ. ಅದರ ಒಂದು ಪ್ರತಿ ಪಂಚಾಯಿತಿ ಕಚೇರಿಯಲ್ಲಿರಲಿ, ಇನ್ನೊಂದು ಆಳದ ಉಳುಮೆ ಮಾಡುವವರಿಗೂ ಕೊಳವೆ ಬಾವಿ ಕೊರೆಯುವವರಿಗೂ ಕೇಳಿದಾಗ ಸಿಗುವಂತಿರಲಿ.